ಗೆಜ್ಜೆ ಕಟ್ಟದ ಕಲ್ಲು

ಕವಣೆ ಬೀಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಹೇಳುವುದಿಲ್ಲ, ಗಿಳಿಗಳು ಹೇಳುತ್ತವೆ. ನಾನು ಜೋಳದ ಹೊಲದ ಅಟ್ಟಣೆ ಹತ್ತಿ ಕವಣೆಗೆ ಕಲ್ಲು ಇಡುವ ಮುಂಚೆಯೇ ನನ್ನ ನೆರಳಿನ ಗುರುತು ಹಿಡಿದು ಮೂರು ಊರಿನ ಗಿಳಿಗಳು ನಾಲ್ಕನೆಯ ಊರಿಗೆ ಗುಳೆ ಹೊರಡುತ್ತವೆ. ಒಮ್ಮೆ ಹಾರುತ್ತಿದ್ದ ಕಾಗೆಯ ಕೊಕ್ಕಿನಿಂದ ಹಪ್ಪಳವೊಂದನ್ನು ಹೊಡೆದು ಬೀಳಿಸಿದೆ. ಹಪ್ಪಳ ಮುರಿಯಲಿಲ್ಲ, ಕಾಗೆಯ ಒಂದು ಪುಕ್ಕವೂ ಉದುರಲಿಲ್ಲ, ಹಪ್ಪಳ ಒಣಹಾಕಿದ್ದ ಹುಡುಗಿ ಮಾತ್ರ ನನ್ನನ್ನು ಮದುವೆಯಾದಳು. ಆಕೆಯೇ ರಾಚವ್ವ. ಕಾಗೆ ತಾನೇ ಬಾಯಿ ತೆರೆದು ಹಪ್ಪಳ ಬಿಟ್ಟಿತು ಎಂದು ಆಕೆ ಈಗಲೂ ಹೇಳುತ್ತಾಳೆ. ಹೇಳಲಿ. ತಿರಕಪ್ಪನ ಹೆಂಡತಿಯಾದ ಮೇಲೆ ಅಷ್ಟು ಹೇಳುವ ಹಕ್ಕು ಇರಬೇಕು.

ನಮ್ಮೂರಿನ ಪಡುವಣಕ್ಕೆ ಒಂದು ಗುಡ್ಡ, ಗುಡ್ಡದ ಆಚೆ ಇನ್ನೊಂದು ಊರು. ಆ ಊರಿನಿಂದ ನಮ್ಮೂರಿಗೆ ಕಲ್ಲು ಬರುತ್ತದೆ. ಎಮ್ಮೆಯ ಕರುವಿನಷ್ಟು ದೊಡ್ಡ ಗುಂಡುಕಲ್ಲು. ನಾನು ಹೇಳುವಾಗ ಎಮ್ಮೆಯಷ್ಟು. ಮೊದಲು ಊರಿನ ನಾಯಿಗಳೆಲ್ಲ ಇದ್ದಲ್ಲೇ ಪಡುವಣಕ್ಕೆ ಮುಖ ಮಾಡಿ ಕೂತುಬಿಡುತ್ತವೆ. ಆಮೇಲೆ ಗುಡ್ಡದ ನೆತ್ತಿಯ ಮೇಲೆ ಕಲ್ಲು ತಲೆ ಎತ್ತುತ್ತದೆ. ಮದುವೆಗೆ ಕರೆಯಲು ಹೊರಟ ನೆಂಟನ ಹಾಗೆ ಸಾವಕಾಶವಾಗಿ, ಗಾಳಿಯಲ್ಲಿ ತೇಲುತ್ತ, ಹೊಲಗಳನ್ನು ದಾಟಿ ಬಂದು ಓಣಿಗಳ ಮೇಲೆ ಅಡ್ಡಾಡುತ್ತದೆ. ಕೊನೆಗೆ ಒಂದು ಮನೆಯ ಮೇಲೆ, ವಿಳಾಸ ಇದೇ ಹೌದೋ ಅಲ್ಲವೋ ಎಂದು ನೋಡಿಕೊಳ್ಳುವಂತೆ ನಿಲ್ಲುತ್ತದೆ. ಎಲೆ ಅಡಿಕೆ ಜಗಿದು ಉಗುಳುವಷ್ಟು ಹೊತ್ತು ನಿಂತು, ಬೀಳುತ್ತದೆ. ಬೀಳುವಾಗ ಮಾತ್ರ ಅದಕ್ಕೆ ಸಾವಕಾಶ ಗೊತ್ತಿಲ್ಲ.

ಹೀಗಿರುವುದರಿಂದ ನಮ್ಮೂರಿನಲ್ಲಿ ಯಾರೂ ಮಾಳಿಗೆಯ ಮೇಲೆ ಮಾಳಿಗೆ ಕಟ್ಟುವುದಿಲ್ಲ. ಹೋಟೆಲಿನಲ್ಲಿ ಅರ್ಧ ಕಪ್ಪಿಗಿಂತ ಹೆಚ್ಚು ಚಹಾ ಕೊಡುವುದಿಲ್ಲ. ಅರ್ಧ ಗಡ್ಡ ಬೋಳಿಸಿಕೊಂಡವನು ಪೇಟೆಯಲ್ಲಿ ಅಡ್ಡಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಕ್ಷೌರಿಕ ಯಂಕಪ್ಪ ಉಳಿದರ್ಧವನ್ನು ಮರುದಿನ ಮಾಡುತ್ತಾನೆ. ಬಟ್ಟೆ ಒಗೆಯುವ ಕಲ್ಲಿಗೆ ನಮ್ಮಲ್ಲಿ ಬರ ಬಂದದ್ದೇ ಇಲ್ಲ. ಇನ್ನು ಹೊರಸಿನ, ಅಂದರೆ ಹಗ್ಗದ ಮಂಚದ, ಮಾತು. ನಮ್ಮೂರಿನ ಪ್ರತಿ ಹೊರಸಿಗೂ ಉದ್ದಕ್ಕೆ ಎರಡು ಬೊಂಬು ಕಟ್ಟಿರುತ್ತದೆ, ಎರಡೂ ಕಡೆ ಮೊಳದುದ್ದ ಹೊರಗೆ ಚಾಚಿರುತ್ತದೆ. ನಾಯಿ ಕೂತ ತಕ್ಷಣ, ನಡೆಯಲಾರದವರು ಮಲಗಿದ ಹೊರಸಿಗೆ ಹತ್ತಿರದಲ್ಲಿದ್ದ ನಾಲ್ವರು ಓಡಿಬಂದು ಹೆಗಲು ಕೊಡಬೇಕು. ಯಾರ ಮನೆ, ಯಾವ ಜಾತಿ, ಯಾರೊಡನೆ ಎಷ್ಟು ವರ್ಷದ ವ್ಯಾಜ್ಯ ಎಂದು ಕೇಳುವಂತಿಲ್ಲ. ಹೊತ್ತವರಿಗೆ ಉಪಕಾರವಾಯಿತು ಎನ್ನುವುದೂ ಇಲ್ಲ. ಹಾಗೆಂದರೆ ಅವರು ಸಿಟ್ಟಾಗುತ್ತಾರೆ.

ಆ ವರ್ಷ ಕಲ್ಲು ಮಕ್ತುಮಸಾಬನ ಮಗ್ಗದ ಮೇಲೆ ಬಿತ್ತು. ಮೂರನೆಯ ಸಲ. ಮರುದಿನ ಬೆಳಿಗ್ಗೆ ಅವನು ಮುರಿದ ಹಲಗೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಊರ ಹಿರಿಯ ಅಡಿವೆಪ್ಪನ ಕಟ್ಟೆಗೆ ಬಂದು ಕೂತ. ಎದ್ದು ಹೋಗು ಅಂದರೂ ಹೋಗಲಿಲ್ಲ, ಚಹಾ ಕೊಟ್ಟರೂ ಕುಡಿಯಲಿಲ್ಲ. ಸಂಜೆಯ ಹೊತ್ತಿಗೆ ಊರೇ ಅಲ್ಲಿ ಸೇರಿತು.

"ಹೊರಸು ಹೊತ್ಕೊಂಡು ಓಡ್ತೀರಿ, ಬಾಳ ಚಲೋ," ಅಂದ ಮಕ್ತುಮಸಾಬ. "ನಾನೂ ಓಡೀನಿ. ನಿಮ್ಮೆಲ್ಲರ ಅವ್ವನ್ನ ಹೊತ್ತೀನಿ. ನನ್ನ ಮಗ್ಗ ಯಾರು ಹೊರತೀರಿ? ಕುಣಿಯೊಳಗ ಹೂಡಿದ ಮಗ್ಗ ಎದ್ದು ಓಡತೈತೇನು? ಇನ್ನೊಮ್ಮೆ ಹೂಡಾಕ ನನ್ನ ಕೈಯಾಗ ಆಗೂದಿಲ್ಲ. ಮ್ಯಾಲಿಂದ ಬರೂದನ್ನ ಮ್ಯಾಲೇ ಒಡೀಬೇಕು. ಇಲ್ಲಾಂದ್ರ ನಾ ಊರು ಬಿಡ್ತೀನಿ."

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಿದರೂ ಸಿಗುವಂತಿರಲಿಲ್ಲ. ಅಡಿವೆಪ್ಪ ರುಮಾಲು ಸರಿಮಾಡಿಕೊಂಡು ನನ್ನ ಕಡೆ ನೋಡಿದ. ಊರೆಲ್ಲ ನನ್ನ ಕಡೆ ನೋಡಿತು. ನಾನು ಆಗಲೇ ಎದ್ದು ನಿಂತಿದ್ದೆ.

ಯೋಜನೆ ಹೀಗಿತ್ತು: ಊರ ನಡುವೆ, ಮೋಡ ತಾಗುವಷ್ಟು ಎತ್ತರಕ್ಕೆ ಒಂದು ಅಟ್ಟಣೆ. ಅದರ ತುದಿಯಲ್ಲಿ ನಾನು, ನನ್ನ ಕವಣೆ, ಒಂದು ಬುಟ್ಟಿ ಕಲ್ಲು. ಬರುವ ಕಲ್ಲನ್ನು ಕಲ್ಲಿನಿಂದ ಹೊಡೆದು ಆಕಾಶದಲ್ಲೇ ಪುಡಿ ಮಾಡುವುದು. ಅಟ್ಟಣೆಗೆ ಬೊಂಬು ಬೇಕು. ನಮ್ಮ ಸೀಮೆಯಲ್ಲಿ ಬಿದಿರು ಬೆಳೆಯುವುದಿಲ್ಲ. ಊರಿನಲ್ಲಿದ್ದ ಬೊಂಬೆಲ್ಲ ಹೊರಸುಗಳಲ್ಲಿತ್ತು.

"ಹೊರಸಿನ ಬೊಂಬು ಬಿಚ್ಚೂದು," ಅಂದ ಅಡಿವೆಪ್ಪ. "ಕಲ್ಲ ಬೀಳೂದಿಲ್ಲ ಅಂದಮ್ಯಾಗ ಹೊರಸು ಹೊರೂದ್ಯಾಕ?"

ಹೆಂಗಸರ ಗುಂಪಿನಿಂದ ರಾಚವ್ವ ಎದ್ದಳು. ಸಭೆಯಲ್ಲಿ ನನ್ನನ್ನು ಮಾತಾಡಿಸುವಾಗ ಆಕೆ ಬೇರೆ ಯಾರನ್ನೋ ಮಾತಾಡಿಸುವ ಹಾಗೆ ಮಾತಾಡಿಸುತ್ತಾಳೆ. "ಏನ್ರೀ, ಬಂದ ಕಲ್ಲೆಲ್ಲಾ ಹೊಡೀತೀರೇನು?"

"ಹತ್ತರಾಗ ಒಂಬತ್ತು," ಅಂದೆ. ಹನ್ನೊಂದು ಎನ್ನಬೇಕೆಂದಿದ್ದೆ, ವಿನಯ ಅಡ್ಡ ಬಂತು.

"ಉಳಿದದ್ದೊಂದು ಬಂದಾಗ ಬೊಂಬು ಎಲ್ಲಿಂದ ತರ್ತೀರಿ?"

"ಒಂದಕ್ಕ ಹೆದರಿ ಒಂಬತ್ತು ಬಿಡೂದೇನವ್ವಾ?" ಅಂದ ಅಡಿವೆಪ್ಪ. "ಒಂಬತ್ತು ಮನಿ ಉಳಿದ್ರ ಸಣ್ಣ ಮಾತೇನು?"

ಕ್ಷೌರಿಕ ಯಂಕಪ್ಪ ಹಿಂದಿನಿಂದ ಕೆಮ್ಮಿದ. "ನಾವು ಅಟ್ಟಣಿ ಕಟ್ಟಿದ್ದು ಆಚಿ ಊರವರಿಗೆ ಗೊತ್ತಾದ್ರ ಏನ್ ಮಾಡ್ತಾರ? ಸುಮ್ಮನ ಕೂಡ್ತಾರೇನು? ಒಂದರ ಬದ್ಲಿ ಎರಡು ಕಳಸ್ತಾರ."

"ಈಗ ಒಂದು ಕಳಸೂದನ್ನ ಕೇಳಿ ಕಳಸ್ತಾರೇನು?" ಅಂದ ಮಕ್ತುಮಸಾಬ. "ಅಟ್ಟಣಿ ಕಟ್ಟಿದ್ರೂ ಬರತೈತಿ. ಕಟ್ಟದಿದ್ರೂ ಬರತೈತಿ."

ಸೂಲಗಿತ್ತಿ ದುರಗವ್ವ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು: "ನಿನ್ನ ಕಣ್ಣು ತಪ್ಪಸಾಕ ಅವರು ಒಂದು ಹುಲ್ಲಿನ ಮೂಟಿ, ಒಂದು ಕಲ್ಲು, ಎರಡೂ ಕೂಡೇ ಕಳಿಸಿದ್ರ ಯಾವುದಕ್ಕ ಹೊಡೀತೀಯೋ ತಿರಕಪ್ಪಾ?"

"ಎರಡನ್ನೂ ಒಂದೇ ಬೀಸಿನಾಗ, ಅತ್ತಿ," ಅಂದೆ. ಗಂಡಸರು ಚಪ್ಪಾಳೆ ತಟ್ಟಿದರು. ದುರಗವ್ವ ಎಲೆ ಬಾಯಿಗಿಟ್ಟುಕೊಂಡು ಮುಖ ಆಚೆ ತಿರುಗಿಸಿದಳು. ಊರಿನ ಮುಕ್ಕಾಲು ಮಂದಿಯನ್ನು ಭೂಮಿಗೆ ಇಳಿಸಿಕೊಂಡ ಕೈ ಅದು, ನನ್ನನ್ನೂ. ಆದ್ದರಿಂದ ಅವಳು ಮುಖ ತಿರುಗಿಸಿದ್ದು ನನಗೆ ಸ್ವಲ್ಪ ಚುಚ್ಚಿತು.

ಪರೀಕ್ಷೆ ಆಗಲಿ ಎಂದು ತೀರ್ಮಾನವಾಯಿತು. ದೊಡ್ಡದೊಂದು ಕುಂಬಳಕಾಯಿಗೆ ಸುಣ್ಣ ಬಳಿದು, ದೂರದಿಂದ ಗೊತ್ತಾಗಲಿ ಎಂದು ಎತ್ತಿನ ಕೊರಳ ಗೆಜ್ಜೆ ಕಟ್ಟಿ, ಹುಣಸೆಮರದ ಟೊಂಗೆಯಿಂದ ಹಗ್ಗದಲ್ಲಿ ಇಳಿಬಿಟ್ಟು ತೂಗಿದರು. ನಾನು ಎದ್ದು ನಿಂತು, ಕವಣೆಯನ್ನು ತಲೆಯ ಸುತ್ತ ಏಳು ಸಲ ತಿರುಗಿಸಿ (ಒಂದೇ ಸಾಕಿತ್ತು, ಉಳಿದ ಆರು ನೋಡುವವರಿಗಾಗಿ) ಬಿಟ್ಟೆ. ಕುಂಬಳಕಾಯಿ ನೂರು ಚೂರಾಯಿತು. ಆ ರಾತ್ರಿ ಊರೆಲ್ಲ ಕುಂಬಳಕಾಯಿ ಪಲ್ಯ. ನಮ್ಮ ಮನೆಯಲ್ಲಿ ಮಾತ್ರ ಪಲ್ಯದ ಜೊತೆ ಪ್ರಶ್ನೆಯನ್ನೂ ಬಡಿಸಿದರು.

"ಆಚಿ ಊರವರೂ ಗೆಜ್ಜಿ ಕಟ್ಟಿ ಕಳಸ್ತಾರೇನ್ರೀ?" ಅಂದಳು ರಾಚವ್ವ.

"ಗೆಜ್ಜಿ ಇಲ್ಲದಿದ್ರೂ ಹೊಡೀತಿದ್ದೆ."

"ಹೊಡೀತಿದ್ರಿ. ಹೊಡದ ಮ್ಯಾಲೆ ಚೂರು ಯಾರ ತಲಿ ಮ್ಯಾಲೆ ಬಿದ್ದುವು, ನೋಡಿದ್ರೇನು? ಅಡಿವೆಪ್ಪಜ್ಜನ ರುಮಾಲಿನಾಗ ಬೀಜ ಸಿಕ್ಕೊಂಡಿದ್ವು. ಅದು ಕುಂಬಳಕಾಯಿ ಅಂತ ನಕ್ಕರು."

ಮಗಳು ಕಸ್ತೂರಿ ಆಗ ಹೆರಿಗೆಗೆ ಬಂದು ನಮ್ಮ ಒಳಕೋಣೆಯ ಹೊರಸಿನ ಮೇಲೆ ಮಲಗಿದ್ದಳು. ತುಂಬು ದಿನ. ಕಾಲು ಬಾತು ನೆಲಕ್ಕೆ ಊರಲಾಗುತ್ತಿರಲಿಲ್ಲ. ಗಂಡನ ಊರಲ್ಲಿ ಕಲ್ಲು ಬೀಳುವುದಿಲ್ಲ. ಅಲ್ಲೇ ಹೆರು ಎಂದು ಅವರು ಹೇಳಿದ್ದರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಹಟ ಹಿಡಿದು ಕರೆತಂದವನು ನಾನೇ. ನನ್ನ ಮಗಳ ಮೇಲೆ ಬೀಳುವ ಧೈರ್ಯ ಯಾವ ಕಲ್ಲಿಗಿದೆ ಎಂದು ಬೀಗರ ಎದುರು ಹೇಳಿದ್ದೆ.

ಬೊಂಬು ಕೇಳಲು ಜನ ಮನೆ ಮನೆಗೆ ಬಂದರು. ಎಲ್ಲರೂ ಬಿಚ್ಚಿ ಕೊಟ್ಟರು. ನಮ್ಮ ಮನೆಗೆ ಬಂದಾಗ ರಾಚವ್ವ ಕಸ್ತೂರಿಯ ಹೊರಸಿನ ಅಂಚಿನ ಮೇಲೆ ಕೂತಳು. "ಇವು ಎರಡು ಬಿಟ್ಟು ಏನು ಬೇಕಾದ್ರೂ ಒಯ್ಯಿರಿ," ಅಂದಳು. "ಕದ ಬೇಕಾದ್ರ ಕದ ಒಯ್ಯಿರಿ. ನನ್ನ ಗಂಡನ್ನ ಒಯ್ಯಿರಿ."

ನನ್ನನ್ನೇ ಒಯ್ದರು. ನಾಚಿಕೆಯಿಂದ ನನ್ನ ಮೀಸೆ ಇಳಿಬಿದ್ದಿತ್ತು. ಅಟ್ಟಣೆಯ ಮೇಲೆ ನಿಲ್ಲುವವನ ಮನೆಯಿಂದಲೇ ಬೊಂಬು ಬರಲಿಲ್ಲ ಎಂದು ನಾಲ್ಕು ಜನ ನಕ್ಕರು. ಹೊರಡುವಾಗ ಕಸ್ತೂರಿ ಕೈ ಹಿಡಿದಳು.

"ಯಪ್ಪಾ, ನೀ ಹೊಡೀತಿ ಅನ್ನೂದು ನಂಗ ಗೊತ್ತೈತಿ. ಅವ್ವ ಹೊರತಾಳ ಅನ್ನೂದೂ ಗೊತ್ತೈತಿ. ನೀವಿಬ್ರೂ ಜಗಳಾಡಬ್ಯಾಡ್ರಿ. ನಂಗ ಇಬ್ರೂ ಬೇಕು."

ಅಟ್ಟಣೆ ಎದ್ದಿತು. ಎಷ್ಟು ಎತ್ತರವೆಂದರೆ, ಅದರ ಮೇಲೆ ನಿಂತು ನಾನು ಉಗುಳಿದ್ದು ಕೆಳಗೆ ಬೀಳುವುದರೊಳಗೆ ಒಣಗಿ ಹೋಗುತ್ತಿತ್ತು. ಮೊದಲ ಕಲ್ಲು ಬಂತು, ಇನ್ನೂ ಹೊಲಗಳ ಮೇಲಿತ್ತು. ಬೀಸಿದೆ. ಸುಳ್ಳಲ್ಲ, ಇದನ್ನು ರಾಚವ್ವನೂ ಒಪ್ಪುತ್ತಾಳೆ: ಕಲ್ಲು ಆಕಾಶದಲ್ಲೇ ಸೀಳಿ ಮೂರು ತುಂಡಾಗಿ ಖಾಲಿ ಕಣದಲ್ಲಿ ಬಿತ್ತು. ಒಂದು ಇರುವೆಯೂ ಸಾಯಲಿಲ್ಲ. ಮಕ್ತುಮಸಾಬ ಅಟ್ಟಣೆಯ ಬುಡಕ್ಕೆ ಬಂದು ಬೊಂಬನ್ನು ಎರಡೂ ಕೈಯಿಂದ ಹಿಡಿದುಕೊಂಡು ಅತ್ತ. ಮರುದಿನವೇ ಹೊಸ ಮಗ್ಗಕ್ಕೆ ಕುಣಿ ತೋಡಲು ಹಿಡಿದ.

ಅಲ್ಲಿಂದ ನಮ್ಮೂರಿನ ನಡೆ ಬದಲಾಯಿತು. ಹೋಟೆಲಿನಲ್ಲಿ ಪೂರ್ತಿ ಕಪ್ಪು ಚಹಾ ಬಂತು. ಯಂಕಪ್ಪ ಪೂರ್ತಿ ಗಡ್ಡ ಬೋಳಿಸತೊಡಗಿದ. ನಾಯಿ ಕೂತರೆ ಜನ ಮನೆ ಬಿಟ್ಟು ಓಡುವ ಬದಲು ನಾನಿರುವಲ್ಲಿಗೆ ಓಡಿಬರತೊಡಗಿದರು. ಮೇಲೆ ನೋಡಲು, ಚಪ್ಪಾಳೆ ತಟ್ಟಲು. ಒಬ್ಬಳು ಅಲ್ಲೇ ಹುರಿಗಡಲೆ ಮಾರಲು ಕೂತಳು. ನಿಜ ಹೇಳಬೇಕೆಂದರೆ ನನಗೆ ಅದು ಬಹಳ ಹಿಡಿಸಿತು. ಕವಣೆಗೆ ಬಣ್ಣದ ಕುಚ್ಚು ಕಟ್ಟಿಕೊಂಡೆ.

ಕಸ್ತೂರಿಗೆ ಬೇನೆ ಶುರುವಾದದ್ದು ಒಂದು ಮಧ್ಯಾಹ್ನ. ದುರಗವ್ವ ಒಳಗೆ ಹೋದಳು. ಬಿಸಿನೀರಿನ ಹಂಡೆಗೆ ಸೌದೆ ಹಾಕಿ ನಾನು ಅಟ್ಟಣೆ ಹತ್ತಿದೆ; ಗಂಡಸಿಗೆ ಆ ಹೊತ್ತಿನಲ್ಲಿ ಬೇರೆ ಜಾಗವಿಲ್ಲ. ಹತ್ತಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ನಾಯಿಗಳು ಕೂತವು.

ಆ ಕಲ್ಲು ಉಳಿದವುಗಳಂತಿರಲಿಲ್ಲ. ಹೊಲಗಳ ಮೇಲೆ ನೇರ ಬರದೆ, ಮೆಳ್ಳಗಣ್ಣಿನವನ ಹಾಗೆ ಅತ್ತ ಇತ್ತ ಹಾಯುತ್ತ ಬಂತು. ಬೀಸಿದೆ. ಕಲ್ಲು ಪಕ್ಕಕ್ಕೆ ಸರಿಯಿತು. ಇನ್ನೊಮ್ಮೆ ಬೀಸಿದೆ. ಇನ್ನೊಮ್ಮೆ ಸರಿಯಿತು. ಗುರಿ ನನಗೆ ತಪ್ಪಲಿಲ್ಲ, ಕಲ್ಲಿಗೆ ತಪ್ಪಿತು; ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅಷ್ಟರಲ್ಲಿ ಅದು ಊರೊಳಗೆ ಬಂತು, ನನ್ನ ಕಣ್ಣೆದುರಿಗೇ ಓಣಿ ತಿರುಗಿತು, ನನ್ನ ಮನೆಯ ಮೇಲೆ ಬಂದು ನಿಂತಿತು.

ನಿಂತ ಕಲ್ಲು. ಅದನ್ನು ಹೊಡೆಯಲು ತಿರಕಪ್ಪ ಬೇಕಿಲ್ಲ, ಕುರುಡನಾದರೂ ಹೊಡೆಯುತ್ತಾನೆ. ನಾನು ಕವಣೆಗೆ ಕಲ್ಲಿಟ್ಟು ತಿರುಗಿಸತೊಡಗಿದೆ. ಕೆಳಗೆ ಊರೆಲ್ಲ ನೆರೆದಿತ್ತು. ನನ್ನ ಮನೆ ಅಟ್ಟಣೆಗೆ ಕೂಗಳತೆಯ ದೂರ. ಓಣಿಯ ಉದ್ದಕ್ಕೂ ತಲೆಗಳು, ಎಲ್ಲವೂ ಮೇಲೆ ನೋಡುತ್ತಿದ್ದವು. "ಹೊಡಿ ತಿರಕಪ್ಪಾ, ಹೊಡಿ," ಅನ್ನುತ್ತಿದ್ದರು. ಹೊಡೆದರೆ ಎಮ್ಮೆಯಷ್ಟು ದೊಡ್ಡ ಕಲ್ಲು ಚೂರಾಗಿ ಈ ತಲೆಗಳ ಮೇಲೆ ಬೀಳುತ್ತದೆ. ನನ್ನ ಮಾಡಿನ ಮೇಲೂ ಬೀಳುತ್ತದೆ. ಇದು ಕುಂಬಳಕಾಯಿಯಲ್ಲ. ಇದಕ್ಕೆ ಗೆಜ್ಜೆ ಕಟ್ಟಿರಲಿಲ್ಲ.

ಬಾಗಿಲಲ್ಲಿ ರಾಚವ್ವ ಕಂಡಳು. ಹೊರಸನ್ನು ಬಾಗಿಲವರೆಗೆ ಎಳೆದು ತಂದು, ಅದರ ಮುಂದಿನ ಒಂದು ಬೊಂಬಿಗೆ ಹೆಗಲು ಕೊಟ್ಟು ನಿಂತಿದ್ದಳು. ಉಳಿದ ಮೂರು ತುದಿ ಖಾಲಿ. ಹೊರಸು ಒಂದು ಕಡೆಗೆ ವಾಲಿತ್ತು. ದುರಗವ್ವ ಕಸ್ತೂರಿ ಜಾರದಂತೆ ಅವಳನ್ನು ಒತ್ತಿ ಹಿಡಿದಿದ್ದಳು. "ಹೊರಸು ಹೊರಾಕ ಬರ್ರಿ," ಎಂದು ರಾಚವ್ವ ಕರೆಯುತ್ತಿದ್ದಳು. ಪಕ್ಕದಲ್ಲೇ ಇದ್ದವರು ಆಕೆಯ ಕಡೆ ತಿರುಗಿ, "ಹೆದರಬ್ಯಾಡವ್ವಾ, ನಿನ್ನ ಗಂಡ ಹೊಡೀತಾನ," ಎಂದು ಮತ್ತೆ ಮೇಲೆ ನೋಡಿದರು.

ನಾನು ಕೂಗಿದೆ. ನನ್ನ ಕೂಗಿಗೆ ಕೆರೆಯ ನೀರು ದಡ ಬಿಟ್ಟು ಹಿಂದೆ ಸರಿಯುತ್ತದೆ. ಆದರೆ ಅವರು ಅದನ್ನು ಹೊಡೆಯುವ ಮುಂಚಿನ ಆರ್ಭಟ ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಅಷ್ಟೊಂದು ನಂಬಿಕೆ ಇಟ್ಟಿದ್ದರು ನನ್ನ ಮೇಲೆ.

ಆಗ ಕವಣೆಯನ್ನು ಕೆಳಕ್ಕೆ ಎಸೆದುಬಿಟ್ಟೆ.

ಬಣ್ಣದ ಕುಚ್ಚು ಬೀಸುತ್ತ ಅದು ಅಡಿವೆಪ್ಪನ ಕಾಲ ಬಳಿ ಬಿತ್ತು. ಚಪ್ಪಾಳೆ ನಿಂತಿತು. ಊರಿಗೆ ಊರೇ ನೆಲದ ಮೇಲೆ ಬಿದ್ದ ಕವಣೆಯನ್ನು ನೋಡಿತು, ಆಮೇಲೆ ನನ್ನ ಖಾಲಿ ಕೈ ನೋಡಿತು. ಮೊದಲು ಓಡಿದವನು ಮಕ್ತುಮಸಾಬ. ಅವನ ಹೊಸ ಮಗ್ಗವೂ ಅದೇ ಓಣಿಯಲ್ಲಿತ್ತು; ಅದರ ಕಡೆ ತಿರುಗಿಯೂ ನೋಡದೆ ಹಿಂದಿನ ಬೊಂಬಿಗೆ ಹೆಗಲು ಕೊಟ್ಟ. ಅವನ ಹಿಂದೆ ಯಂಕಪ್ಪ, ಕೈಯಲ್ಲಿ ಕ್ಷೌರದ ಕತ್ತಿ ಹಾಗೇ ಇತ್ತು. ನಾಲ್ಕನೆಯ ತುದಿಗೆ ಅಡಿವೆಪ್ಪ. ಹಿರಿಯನಾದ ಮೇಲೆ ಅವನು ಹೊರಸು ಹೊತ್ತಿರಲೇ ಇಲ್ಲ. ಹೊರಸು ಎದ್ದಿತು. ಓಣಿಯ ಜನ ಗೋಡೆಗೆ ಅಂಟಿ ದಾರಿ ಬಿಟ್ಟರು, ಆಮೇಲೆ ಹೊರಸಿನ ಹಿಂದೆಯೇ ಓಡಿದರು.

ನಾನು ಅಟ್ಟಣೆಯಿಂದ ಇಳಿಯಲಿಲ್ಲ, ಬಿದ್ದೆ. ನಡುವೆ ಎಲ್ಲೆಲ್ಲಿ ಕೈ ಸಿಕ್ಕಿತೋ ಅಲ್ಲಲ್ಲಿ ಹಿಡಿದೆ. ಕೆಳಗೆ ಕಾಲಿಟ್ಟಾಗ ಕಲ್ಲು ಬಿತ್ತು. ನನ್ನ ಮನೆಯ ಮಾಡು, ನಡುಮನೆ, ಒಲೆಯ ಮೇಲಿನ ಹಂಡೆ ಎಲ್ಲವೂ ಒಂದೇ ಸದ್ದಿನಲ್ಲಿ ಹೋದವು. ಧೂಳು ಇಳಿಯುವ ಮೊದಲೇ ಓಣಿಯ ತಿರುವಿನಿಂದ ಇನ್ನೊಂದು ಸದ್ದು ಬಂತು. ಸಣ್ಣದು, ಸಿಟ್ಟಿನದು. ದುರಗವ್ವ ಹೊರಸಿನ ಜೊತೆಗೆ ಓಡುತ್ತ, ಕಂಬಳಿಯೊಳಗೆ ಕೈಯಿಟ್ಟುಕೊಂಡೇ ತನ್ನ ಕೆಲಸ ಮುಗಿಸಿದ್ದಳು.

"ಇಳಿಸ್ರೋ ಇನ್ನ," ಅಂದಳು. "ಹೆಣ್ಣು."

ಮೂರನೆಯ ದಿನ ಮತ್ತೆ ಊರು ಸೇರಿತು. ಮಾತಿಗೆ ಮಾತು ಬೆಳೆಯಿತು. ತಿರಕಪ್ಪ ಹೊಡೆದಿದ್ದರೆ ಮನೆ ಉಳಿಯುತ್ತಿತ್ತು ಎಂದು ಕೆಲವರು, ಹೊಡೆದಿದ್ದರೆ ನಾವು ಉಳಿಯುತ್ತಿರಲಿಲ್ಲ ಎಂದು ಕೆಲವರು. ಅಟ್ಟಣೆ ಕಿತ್ತು ಸುಡಬೇಕೆಂದ ಯಂಕಪ್ಪ. ಮಕ್ತುಮಸಾಬ ಎದ್ದು ನಿಂತ.

"ಸುಡೂದು ಬ್ಯಾಡ. ಹೊರಸು ಹೊತ್ತೀನಿ, ಮುಂದನೂ ಹೊರತೀನಿ. ಆದ್ರ ಮಗ್ಗದ ಮಾತು ನಾ ಬಿಟ್ಟಿಲ್ಲ. ಕಣದ ಮ್ಯಾಲೆ ಒಡದ ಕಲ್ಲು ನಾ ಕಣ್ಣಾರೆ ನೋಡೀನಿ."

"ಯಾರು ಬಿಡು ಅಂದ್ರು?" ಅಂದಳು ರಾಚವ್ವ. ಮೊಮ್ಮಗಳು ಆಕೆಯ ತೊಡೆಯ ಮೇಲಿದ್ದಳು. "ಅಟ್ಟಣಿ ಇರಲಿ. ಊರಾಗ ಬ್ಯಾಡ, ಗುಡ್ಡದ ಬುಡದಾಗ ಇರಲಿ. ಒಡದ್ರ ಚೂರು ಕುರುಚಲು ಗಿಡದ ಮ್ಯಾಲೆ ಬೀಳ್ತಾವ. ಊರೊಳಗ ಬಂದ ಕಲ್ಲಿಗೆ ಯಾರೂ ಕೈ ಎತ್ತಬಾರದು. ಮತ್ತ ಬೊಂಬು ಮಾತ್ರ ಎಲ್ಲಾರ ಹೊರಸಿಗೆ ವಾಪಸ್ ಬರಬೇಕು. ಹೊಡದ್ರೂ, ಬಿಟ್ರೂ, ನಾಯಿ ಕುಂತ ಮ್ಯಾಲೆ ಹೊರಸು ಎದ್ದಿರಬೇಕು."

"ಬೊಂಬಿಲ್ಲದ ಅಟ್ಟಣಿ ಯಾತರಿಂದ ಕಟ್ಟೂದವ್ವಾ?" ಅಂದ ಅಡಿವೆಪ್ಪ. ಅವನು ಹೆಗಲಿಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ.

ಆಗ ನಾನು ಎದ್ದೆ. ಜೀವಮಾನದಲ್ಲೇ ಅಷ್ಟು ಚಿಕ್ಕ ಭಾಷಣ ಮಾಡಿಲ್ಲ. "ನನ್ನ ಮನಿ ತೊಲಿ ಅದಾವು," ಅಂದೆ. "ಮಾಡು ಹೆಂಗೂ ಬಿದ್ದೈತಿ. ನಾಳಿ ಬಂದು ಎತ್ರಿ."

ಬಂದು ಎತ್ತಿದರು. ತೊಲೆಗಳನ್ನು ಗುಡ್ಡದ ಬುಡಕ್ಕೆ ಹೊತ್ತೊಯ್ದು ನಿಲ್ಲಿಸಿದೆವು. ಮೋಡ ತಾಗುವುದಿಲ್ಲ, ಹುಣಸೆಮರಕ್ಕಿಂತ ಒಂದು ಗೇಣು ಗಿಡ್ಡವೇ. ನಾವು ಈಗ ನಾಲ್ಕು ಗೋಡೆಯ ಮೇಲೆ ತಗಡು ಹೊದಿಸಿಕೊಂಡಿದ್ದೇವೆ. ಒಳಗೆ ಬಿದ್ದ ಕಲ್ಲನ್ನು ಯಾರಿಂದಲೂ ಕದಲಿಸಲಾಗಲಿಲ್ಲ, ಅದರ ನೆತ್ತಿಗೆ ಮಾತ್ರ ತಗಡಿಲ್ಲ, ರಾಚವ್ವ ಅದರ ಮೇಲೆ ಹಪ್ಪಳ ಒಣಹಾಕುತ್ತಾಳೆ. ಅಡಿವೆಪ್ಪ ಕವಣೆಯನ್ನು ಒರೆಸಿ ತಂದುಕೊಟ್ಟ. ಕುಚ್ಚು ಬಿಚ್ಚಿಹಾಕಿದೆ. ಹೋಟೆಲಿನಲ್ಲಿ ಮತ್ತೆ ಅರ್ಧ ಕಪ್ಪು.

ಅಟ್ಟಣೆ ಬೇಕೋ ಬೇಡವೋ ಎಂಬ ವಾದ ಇನ್ನೂ ನಡೆದಿದೆ, ನನ್ನ ಮೊಮ್ಮಗಳು ಮುದುಕಿಯಾದಾಗಲೂ ನಡೆದಿರುತ್ತದೆ. ವಾದಿಸುವವರು ವಾದಿಸಲಿ. ಬೆಳಕು ಹರಿಯುವ ಮೊದಲೇ ನಾನು ಗುಡ್ಡದ ಬುಡದಲ್ಲಿರುತ್ತೇನೆ. ಚಳಿಯಿರಲಿ, ಜ್ವರವಿರಲಿ, ಒಂದು ದಿನವೂ ತಪ್ಪಿಸಿಲ್ಲ. ನಾಯಿಗಳು ಕೂತು, ಕಲ್ಲು ನೆತ್ತಿಯ ಮೇಲೆ ತಲೆ ಎತ್ತಿದಾಗ ತಕ್ಷಣ ಕವಣೆ ತಿರುಗಿಸುವುದಿಲ್ಲ. ಮೊದಲು ಹಿಂದೆ ತಿರುಗಿ ಊರು ನೋಡುತ್ತೇನೆ. ಓಣಿ ಓಣಿಯಲ್ಲಿ ಹೊರಸುಗಳು ಹೆಗಲಿಗೇರುತ್ತವೆ. ಎಲ್ಲವೂ ಎದ್ದವು ಎಂದು ಕಂಡ ಮೇಲೆ ಈ ಕಡೆ ತಿರುಗಿ ಬೀಸುತ್ತೇನೆ. ಹಾಗೆ ಬೀಸಿದ ಕಲ್ಲು ತಪ್ಪುವುದಿಲ್ಲ, ತಪ್ಪಿದರೂ ತಪ್ಪುವುದಿಲ್ಲ.